ತಾರಸಿಯಿಂದ ಸೋರುವ ನೀರು ಸೊಸೈಟಿಯದು. ಇಳಿಯುವ ಸೆಕೆ ಯಾರದು?

ಬೇಸಿಗೆ ಕಾಲಿಟ್ಟೊಡನೆ ದಿನಪತ್ರಿಕೆಗಳ ಮುಖಪುಟದಲ್ಲಿ ಉಷ್ಣಾಂಶದ ಅಂಕಿಗಳು ಕಾಣಿಸಿಕೊಳ್ಳುತ್ತವೆ. ಇಂದು 41 ಡಿಗ್ರಿ, ನಾಳೆ 43 ಎಂದು ನಾವು ಮಾತನಾಡಿಕೊಳ್ಳುತ್ತೇವೆ. ಹವಾಮಾನ ಇಲಾಖೆ ಈ ಅಂಕಿಯನ್ನು ಪಡೆಯುವುದು ಬಯಲಿನಲ್ಲಿ, ನೆಲದಿಂದ ಸುಮಾರು 4 ಅಡಿ ಎತ್ತರದಲ್ಲಿ, ಗಾಳಿಯಾಡುವ ಬಿಳಿಯ ಪೆಟ್ಟಿಗೆಯೊಳಗಿನ ನೆರಳಿನಲ್ಲಿ. ಹವಾಮಾನದ ಅಧ್ಯಯನಕ್ಕೆ ಅದೇ ಸರಿಯಾದ ಕ್ರಮ. ಆದರೆ ಮಹಾನಗರದ ಮನುಷ್ಯ ಮಲಗುವುದು ಆ ಪೆಟ್ಟಿಗೆಯಲ್ಲಲ್ಲ. ಕಟ್ಟಡದ ಕಟ್ಟಕಡೆಯ ಮಹಡಿಯಲ್ಲಿ, ಕಾಂಕ್ರೀಟ್ ಚಪ್ಪಡಿಯ ನೇರ ಕೆಳಗೆ ಮಲಗುವವನ ಕೋಣೆಯಲ್ಲಿ ರಾತ್ರಿ ಹನ್ನೊಂದು ಗಂಟೆಗೆ ಎಷ್ಟು ಸೆಕೆ ಇರುತ್ತದೆಂಬುದನ್ನು ಯಾವ ಇಲಾಖೆಯೂ ಅಳೆಯುವುದಿಲ್ಲ, ಯಾವ ಪತ್ರಿಕೆಯೂ ಪ್ರಕಟಿಸುವುದಿಲ್ಲ.

ಅಳೆಯದ ಈ ಸೆಕೆಯನ್ನು ನಾವು ಅಲ್ಲಿ ವಾಸಿಸುವವರ ಖಾಸಗಿ ಕಷ್ಟವೆಂದು ಭಾವಿಸಿಕೊಂಡಿದ್ದೇವೆ. ಮೇಲಿನ ಮಹಡಿಯಲ್ಲಿ ಮನೆ ಮಾಡಿದವನು ಏರ್ ಕಂಡೀಷನರ್ ಹಾಕಿಸಿಕೊಳ್ಳಲಿ, ಇಲ್ಲವೇ ಸಹಿಸಿಕೊಳ್ಳಲಿ ಎಂಬುದು ನಮ್ಮ ಸಾಮಾನ್ಯ ಧೋರಣೆ. ಅದೇ ತಾರಸಿಯಿಂದ ಮಳೆಗಾಲದಲ್ಲಿ ನೀರು ಸೋರಿದರೆ ಮಾತ್ರ ಅದು ಇಡೀ ಕಟ್ಟಡದ ಸಮಸ್ಯೆಯಾಗುತ್ತದೆ. ಸಭೆ ಸೇರುತ್ತದೆ, ಗುತ್ತಿಗೆದಾರ ಬರುತ್ತಾನೆ, ಎಲ್ಲರ ಹಣದಲ್ಲಿ ದುರಸ್ತಿಯಾಗುತ್ತದೆ. ಒಂದೇ ತಾರಸಿಯ ಮೂಲಕ ಇಳಿದುಬರುವ ನೀರಿಗೆ ಒಂದು ನ್ಯಾಯ, ಬಿಸಿಗೆ ಇನ್ನೊಂದು ನ್ಯಾಯ ಏಕೆ? ಈ ಪ್ರಶ್ನೆಯನ್ನು ಗಂಭೀರವಾಗಿ ಕೇಳಿಕೊಳ್ಳುವ ಕಾಲ ಬಂದಿದೆ.

ಬಿಸಿ ಎಲ್ಲಿಂದ ಬರುತ್ತದೆ?

ದಕ್ಷಿಣ ಹಾಗೂ ಪಶ್ಚಿಮ ಭಾರತದ ನಗರಗಳಲ್ಲಿ ಬೇಸಿಗೆಯ ಸೂರ್ಯ ಅಕ್ಷರಶಃ ನೆತ್ತಿಯ ಮೇಲಿರುತ್ತಾನೆ. ಚೆನ್ನೈ, ಬೆಂಗಳೂರುಗಳಲ್ಲಿ ಏಪ್ರಿಲ್ ಕೊನೆಯ ವಾರದಲ್ಲಿ, ಹೈದರಾಬಾದ್, ಪುಣೆಗಳಲ್ಲಿ ಮೇ ಎರಡನೆಯ ವಾರದಲ್ಲಿ, ಮುಂಬಯಿಯಲ್ಲಿ ಮೇ ಮಧ್ಯಭಾಗದಲ್ಲಿ ನಡುಹಗಲಿನ ನೆರಳು ಕಾಲಡಿಯಲ್ಲೇ ಮಾಯವಾಗುತ್ತದೆ. ದೆಹಲಿ ಕರ್ಕಾಟಕ ವೃತ್ತದ ಉತ್ತರಕ್ಕಿರುವುದರಿಂದ ಅಲ್ಲಿ ಹೀಗಾಗದು. ಆದರೂ ಜೂನ್ ತಿಂಗಳಲ್ಲಿ ಅಲ್ಲಿಯ ಸೂರ್ಯ ನೆತ್ತಿಯಿಂದ ಐದಾರು ಡಿಗ್ರಿಯಷ್ಟೇ ಓರೆಯಾಗಿರುತ್ತಾನೆ. ಇದರ ಪರಿಣಾಮವೆಂದರೆ, ಬೇಸಿಗೆಯ ನಡುಹಗಲಲ್ಲಿ ಗೋಡೆಗಳ ಮೇಲೆ ಬೀಳುವ ಬಿಸಿಲು ಕಡಿಮೆ, ತಾರಸಿಯ ಮೇಲೆ ಬೀಳುವ ಬಿಸಿಲು ಅತ್ಯಧಿಕ. ನಾಲ್ಕು ಗೋಡೆಗಳಿಗೂ ಕಿಟಕಿಗಳಿಗೂ ಪರದೆ ಹಾಕಿ ಕುಳಿತರೂ ಐದನೆಯ ದಿಕ್ಕಿನಿಂದ ಬಿಸಿ ಇಳಿಯುತ್ತಲೇ ಇರುತ್ತದೆ.

ಕಾಂಕ್ರೀಟಿನ ಗುಣವನ್ನೂ ಇಲ್ಲಿ ಗಮನಿಸಬೇಕು. ಐದಾರು ಅಂಗುಲ ದಪ್ಪದ ಚಪ್ಪಡಿ ಹಗಲಿಡೀ ಬಿಸಿಲನ್ನು ಹೀರಿಕೊಂಡು, ಕೆಲವು ಗಂಟೆಗಳ ಬಳಿಕ ಅದನ್ನು ಕೆಳಮುಖವಾಗಿ ಬಿಡುತ್ತದೆ. ಮಧ್ಯಾಹ್ನ ತಾರಸಿ ಉಂಡ ಬಿಸಿ ಸಂಜೆಯಿಂದ ನಡುರಾತ್ರಿಯವರೆಗೆ ಕೋಣೆಗೆ ಬರುತ್ತದೆ. ಹೊರಗೆ ತಂಗಾಳಿ ಬೀಸತೊಡಗಿದ ಮೇಲೂ ಒಳಗೆ ಮಲಗಲಾಗದಿರುವುದಕ್ಕೆ ಕಾರಣ ಇದೇ. ಇಂತಹ ಕೋಣೆಯಲ್ಲಿ ಗಾಳಿಯಷ್ಟೇ ಬಿಸಿಯಾಗಿರುವುದಿಲ್ಲ. ಕಾದ ಮಾಡು ಒಲೆಯ ಮೇಲಿಟ್ಟ ಹೆಂಚಿನಂತೆ ಕೆಳಗಿರುವ ಮೈಗೆ ನೇರವಾಗಿ ಝಳ ಹೊಡೆಯುತ್ತದೆ. ಫ್ಯಾನು ಕೋಣೆಯನ್ನು ತಂಪು ಮಾಡುವುದಿಲ್ಲ; ಮೈಯ ಬೆವರನ್ನು ಆರಿಸಿ ಹಾಯೆನಿಸುವಂತೆ ಮಾಡುತ್ತದೆ, ಅಷ್ಟೇ. ಚಪ್ಪಡಿಯ ಕೆಳಗೆ ಜಮಾಯಿಸಿದ ಬಿಸಿಗಾಳಿಯನ್ನು ಅದು ಹಾಸಿಗೆಯತ್ತ ತಳ್ಳುವುದೂ ಉಂಟು. ತಗಡಿನ ಅಥವಾ ಸಿಮೆಂಟ್ ಶೀಟಿನ ಮಾಡಿನ ಕಥೆ ಬೇರೆ. ಅದು ಬೇಗ ಕಾಯುತ್ತದೆ, ಬೇಗ ಆರುತ್ತದೆ. ಅದರಡಿಯಲ್ಲಿ ನರಕವಾಗುವುದು ಹಗಲು. ಕಾಂಕ್ರೀಟಿನಡಿಯಲ್ಲಿ ನರಕವಾಗುವುದು ರಾತ್ರಿ.

ರಾತ್ರಿಗಳೇ ಈಗ ಹೆಚ್ಚು ಕಳವಳಕ್ಕೆ ಕಾರಣವಾಗಿವೆ. 2024ರ ಜೂನ್ 19ರಂದು ದೆಹಲಿಯಲ್ಲಿ ಕನಿಷ್ಠ ಉಷ್ಣಾಂಶವೇ 35.2 ಡಿಗ್ರಿ ಸೆಲ್ಸಿಯಸ್ ಇತ್ತು. ಅಂದರೆ ಇಡೀ ರಾತ್ರಿಯ ಅತ್ಯಂತ ತಂಪಾದ ಗಳಿಗೆಯಲ್ಲಿ ಹೊರಗಿನ ಗಾಳಿಯಲ್ಲೇ ಅಷ್ಟು ಬಿಸಿ. ಗರಿಷ್ಠ ಉಷ್ಣಾಂಶ 40 ಡಿಗ್ರಿಗೆ ಮುಟ್ಟಿ, ಕನಿಷ್ಠ ಉಷ್ಣಾಂಶ ವಾಡಿಕೆಗಿಂತ 4.5 ಡಿಗ್ರಿ ಅಥವಾ ಅದಕ್ಕೂ ಹೆಚ್ಚಾದಾಗ ಹವಾಮಾನ ಇಲಾಖೆ ಅದನ್ನು ಬಿಸಿ ರಾತ್ರಿಯೆಂದು ಪ್ರತ್ಯೇಕವಾಗಿ ಘೋಷಿಸುತ್ತದೆ. ಹಗಲಿನ ಬಿಸಿಲಿನಿಂದ ಬಳಲಿದ ದೇಹ ಚೇತರಿಸಿಕೊಳ್ಳುವುದು ರಾತ್ರಿಯ ತಂಪಿನಲ್ಲಿ. ಆ ಅವಕಾಶವೂ ತಪ್ಪಿದರೆ ದಿನದಿಂದ ದಿನಕ್ಕೆ ದಣಿವು ಕೂಡುತ್ತಾ ಹೋಗುತ್ತದೆ. ಹೃದಯದ ಮೇಲೆ, ಮೂತ್ರಪಿಂಡಗಳ ಮೇಲೆ ಭಾರ ಏರುತ್ತದೆ.

ಇದು ಜೀವದ ಪ್ರಶ್ನೆ

ಮೇಲಿನ ಮಹಡಿಯ ಸೆಕೆ ಬರಿಯ ಅನಾನುಕೂಲವಲ್ಲ ಎಂಬುದಕ್ಕೆ ಹೊರದೇಶಗಳ ಎರಡು ದುರಂತಗಳು ಸಾಕ್ಷಿಯಾಗಿವೆ. 1995ರ ಜುಲೈಯಲ್ಲಿ ಅಮೆರಿಕದ ಶಿಕಾಗೋ ನಗರದಲ್ಲಿ ಬಿಸಿಗಾಳಿಗೆ 700ಕ್ಕೂ ಹೆಚ್ಚು ಜನ ಬಲಿಯಾದರು. ಸತ್ತವರ ಹಾಗೂ ಬದುಕುಳಿದವರ ವಸತಿಯನ್ನು ಹೋಲಿಸಿ ನೋಡಿದ ವೈದ್ಯರಿಗೆ ಕಂಡ ಅಪಾಯದ ಅಂಶಗಳಲ್ಲಿ ಒಂದು, ಕಟ್ಟಡದ ಕೊನೆಯ ಮಹಡಿಯ ವಾಸ. 2003ರ ಆಗಸ್ಟಿನಲ್ಲಿ ಫ್ರಾನ್ಸ್ ದೇಶದಲ್ಲಿ ಸುಮಾರು 15,000 ಜನ ಬಿಸಿಯಿಂದ ಸತ್ತಾಗ, ಮನೆಯಲ್ಲೇ ಇದ್ದ ವೃದ್ಧರ ಬಗ್ಗೆ ನಡೆದ ಅಧ್ಯಯನವೂ ಇದನ್ನೇ ಹೇಳಿತು: ಛಾವಣಿಯ ನೇರ ಕೆಳಗೆ ಮಲಗುವ ಕೋಣೆಯಿದ್ದವರಿಗೆ ಸಾವಿನ ಅಪಾಯ ಹೆಚ್ಚು. ಆ ಜನ ಬಿಸಿಲಿನಲ್ಲಿ ಅಲೆದು ಸತ್ತವರಲ್ಲ; ತಮ್ಮ ಮನೆಯಲ್ಲಿ, ತಮ್ಮ ಹಾಸಿಗೆಯ ಮೇಲೆ ಸತ್ತವರು.

ನಮ್ಮ ದೇಶದಲ್ಲಿ ಕಣ್ಣು ತೆರೆಸಿದ್ದು ಅಹಮದಾಬಾದ್. 2010ರ ಮೇ ತಿಂಗಳಲ್ಲಿ ಅಲ್ಲಿ ಉಷ್ಣಾಂಶ 46.8 ಡಿಗ್ರಿಗೆ ಏರಿತು. ಆ ಒಂದೇ ತಿಂಗಳಲ್ಲಿ ವಾಡಿಕೆಗಿಂತ 1,344 ಸಾವುಗಳು ಹೆಚ್ಚಾಗಿ ಸಂಭವಿಸಿದವೆಂದು ಅನಂತರದ ಅಧ್ಯಯನ ಲೆಕ್ಕ ಹಾಕಿತು. ಅದರ ಫಲವಾಗಿ 2013ರಲ್ಲಿ ಅಹಮದಾಬಾದ್ ಮಹಾನಗರಪಾಲಿಕೆ ಬಿಸಿಗಾಳಿ ಎದುರಿಸುವ ಕ್ರಿಯಾಯೋಜನೆಯನ್ನು ಜಾರಿಗೆ ತಂದಿತು. ಇಂದು ಅನೇಕ ರಾಜ್ಯಗಳು, ನಗರಗಳು ಅದೇ ಮಾದರಿಯನ್ನು ಅನುಸರಿಸುತ್ತಿವೆ. 2024ರಲ್ಲಿ ತಮಿಳುನಾಡು ಬಿಸಿಗಾಳಿಯನ್ನು ರಾಜ್ಯದ ವಿಪತ್ತುಗಳ ಪಟ್ಟಿಗೇ ಸೇರಿಸಿತು. ಇವೆಲ್ಲ ಸ್ವಾಗತಾರ್ಹ ಹೆಜ್ಜೆಗಳು. ಆದರೆ ಇಂತಹ ಯೋಜನೆಗಳೆಲ್ಲ ಜನರಿಗೆ ನೀಡುವ ಮೊದಲ ಸಲಹೆ, ನಡುಹಗಲು ಹೊರಗೆ ಹೋಗಬೇಡಿ, ಮನೆಯೊಳಗೇ ಇರಿ ಎಂಬುದು. ಮನೆಯೇ ಹೊರಗಿಗಿಂತ ಬಿಸಿಯಾಗಿದ್ದರೆ ಈ ಸಲಹೆಗೆ ಅರ್ಥವೇನು?

ಮೇಲೆ ಮಲಗುವವರು ಯಾರು?

ಮಹಾನಗರಗಳ ಗಗನಚುಂಬಿ ಕಟ್ಟಡಗಳಲ್ಲಿ ತುದಿಯ ಮಹಡಿ ಸಿರಿವಂತರ ಹೆಗ್ಗಳಿಕೆ. ಆದರೆ ಲಿಫ್ಟಿಲ್ಲದ ಮೂರು, ನಾಲ್ಕು ಅಂತಸ್ತಿನ ಹಳೆಯ ಕಟ್ಟಡಗಳಲ್ಲಿ ಪರಿಸ್ಥಿತಿ ತಿರುವುಮುರುವು. ಮೆಟ್ಟಿಲು ಹತ್ತುವ ಕಷ್ಟಕ್ಕೂ ಸೆಕೆಗೂ ಹೆದರಿ ಉಳ್ಳವರು ಬಿಟ್ಟುಕೊಟ್ಟ ಮನೆಗಳು ಅಗ್ಗದ ಬಾಡಿಗೆಗೆ ದೊರೆಯುತ್ತವೆ. ದೆಹಲಿಯಲ್ಲಿ ತಾರಸಿಯ ಮೇಲಿನ ಒಂಟಿ ಕೋಣೆಗೆ ಬರ್ಸಾತಿ ಎಂಬ ಹೆಸರೇ ಇದೆ. ಹೈದರಾಬಾದಿನಲ್ಲಿ ತಾರಸಿಯ ಮೇಲೆ ಕಟ್ಟಿದ ಇಂತಹ ಕೋಣೆಯನ್ನು ಪೆಂಟ್‌ಹೌಸ್ ಎಂದು ಕರೆದು ಅವಿವಾಹಿತ ಯುವಕರಿಗೆ ಬಾಡಿಗೆಗೆ ಕೊಡುವುದುಂಟು. ಮುಂಬಯಿಯ ಬಡ ಬಡಾವಣೆಗಳಲ್ಲಿ ಹೊರಗಿನ ಕಬ್ಬಿಣದ ಏಣಿ ಹತ್ತಿ ತಲುಪುವ ಮೇಲಿನ ಕೋಣೆಗೆ ತಗಡೇ ಮಾಡು.

ಊರು ಬಿಟ್ಟು ಬಂದ ಕನ್ನಡಿಗರಿಗೆ ಈ ಕೋಣೆಗಳು ಅಪರಿಚಿತವೇನಲ್ಲ. ದಕ್ಷಿಣ ಕನ್ನಡ, ಉಡುಪಿಗಳಿಂದ ಮುಂಬಯಿಗೆ ಬಂದು ಹೊಟೇಲುಗಳಲ್ಲಿ ದುಡಿದ ಹುಡುಗರಲ್ಲಿ ಅನೇಕರು ಮಲಗಿದ್ದು ಅಡುಗೆಮನೆಯ ಮೇಲಿನ ಅಟ್ಟದಲ್ಲಿ. ಕೆಳಗೆ ಭಟ್ಟಿಯ ಬಿಸಿ, ಮೇಲೆ ಮಾಡಿನ ಬಿಸಿ. ಇಂದಿಗೂ ಹೊಸದಾಗಿ ನೌಕರಿಗೆ ಬಂದ ತರುಣನಿಗೆ, ನಿವೃತ್ತಿಯ ಬಳಿಕ ಸಣ್ಣ ಮನೆಗೆ ಸರಿದ ದಂಪತಿಗೆ, ಹಗಲಿಡೀ ಮನೆಯಲ್ಲೇ ಇರುವ ಗೃಹಿಣಿಗೆ, ಹಾಸಿಗೆ ಹಿಡಿದ ಹಿರಿಯರಿಗೆ ಸಿಗುವುದು ಹೆಚ್ಚಾಗಿ ಈ ಕೊನೆಯ ಮಹಡಿಯೇ. ಬಾಡಿಗೆದಾರನಿಗೆ ಸೊಸೈಟಿಯ ಸಭೆಯಲ್ಲಿ ಮತವಿಲ್ಲ. ಬೇರೆಡೆ ವಾಸಿಸುವ ಮಾಲೀಕನಿಗೆ ಸೆಕೆಯಿಲ್ಲ. ಹೀಗಾಗಿ ಅನುಭವಿಸುವವನಿಗೆ ಧ್ವನಿಯಿಲ್ಲದೆ, ಧ್ವನಿಯಿರುವವನಿಗೆ ಅನುಭವವಿಲ್ಲದೆ ಈ ವಿಷಯ ಸಭೆಯ ಕಾರ್ಯಸೂಚಿಗೇ ಬರುವುದಿಲ್ಲ.

ಹಳೆಯ ಮಾಡುಗಳ ಪಾಠ

ನಮ್ಮ ಹಿರಿಯರ ಮನೆಗಳಲ್ಲಿ ಮಾಡು ಒಂದೇ ಪದರದ್ದಾಗಿರಲಿಲ್ಲ. ಕರಾವಳಿಯ ಉಪ್ಪರಿಗೆಯ ಮನೆಗಳಲ್ಲಿ ಹೆಂಚಿಗೂ ಮಲಗುವ ಕೋಣೆಗೂ ನಡುವೆ ಹಲಗೆಯ ಅಟ್ಟವಿರುತ್ತಿತ್ತು. ಹೆಂಚಿನ ಸಂದುಗಳಿಂದ ಬಿಸಿಗಾಳಿ ಹೊರಹೋಗುತ್ತಿತ್ತು. ಉತ್ತರ ಕರ್ನಾಟಕದ ಮಾಳಿಗೆ ಮನೆಗಳಲ್ಲಿ ತೊಲೆ, ಜಂತೆಗಳ ಮೇಲೆ ದಪ್ಪನಾಗಿ ಮಣ್ಣು ಹಾಸಿ, ಬೆಳಕಿಂಡಿ ಬಿಡುತ್ತಿದ್ದರು. ಚೆನ್ನೈಯಲ್ಲಿ ಮದರಾಸು ತಾರಸಿಯೆಂದೇ ಹೆಸರಾದ ಪದ್ಧತಿಯಲ್ಲಿ ಮರದ ತೊಲೆಗಳ ಮೇಲೆ ಇಟ್ಟಿಗೆಗಳನ್ನು ಸುಣ್ಣದ ಗಾರೆಯಲ್ಲಿ ನಿಲ್ಲಿಸಿ, ಅದರ ಮೇಲೆ ಇಟ್ಟಿಗೆಚೂರಿನ ಸುಣ್ಣದ ಕಾಂಕ್ರೀಟು, ಅದರ ಮೇಲೆ ಚಪ್ಪಟೆ ಹೆಂಚು ಹಾಸುತ್ತಿದ್ದರು. ಬಿಸಿಲು ಮನುಷ್ಯನನ್ನು ತಲುಪುವ ಮುನ್ನ ಹಲವು ತಡೆಗಳನ್ನು ದಾಟಬೇಕಿತ್ತು.

ಹಿಂದಿನದೆಲ್ಲ ಚೆನ್ನಾಗಿತ್ತೆಂದು ಹಂಬಲಿಸುವುದು ಇಲ್ಲಿಯ ಉದ್ದೇಶವಲ್ಲ. ಮಣ್ಣಿನ ಮಾಳಿಗೆ ವರ್ಷವರ್ಷವೂ ಆರೈಕೆ ಬೇಡುತ್ತಿತ್ತು. ಹೆಂಚು ಕಪಿಗಳ ಕಾಟಕ್ಕೆ ಒಡೆಯುತ್ತಿತ್ತು. ಕೋಟಿಗಟ್ಟಲೆ ಜನರಿಗೆ ಮಹಡಿಯ ಮೇಲೆ ಮಹಡಿ ಕಟ್ಟಲು ಕಾಂಕ್ರೀಟು ಅನಿವಾರ್ಯವಾಯಿತು. ಆದರೆ ಆ ಬದಲಾವಣೆಯಲ್ಲಿ ನಾವು ಚಪ್ಪಡಿಯನ್ನು ಉಳಿಸಿಕೊಂಡು, ಅದರ ಮೇಲಿನ ಹಾಗೂ ಕೆಳಗಿನ ತಡೆಗಳನ್ನು ಖರ್ಚಿನ ಲೆಕ್ಕದಲ್ಲಿ ಕಳೆದುಬಿಟ್ಟೆವು. ಈಗ ಮರಳಿ ಸೇರಿಸಬೇಕಾಗಿರುವುದು ಆ ತಡೆಯನ್ನು ಮಾತ್ರ.

ಏರ್ ಕಂಡೀಷನರ್ ಒಂದೇ ಉತ್ತರವಲ್ಲ

2019ರ ಮಾರ್ಚಿಯಲ್ಲಿ ಕೇಂದ್ರ ಸರಕಾರ ಪ್ರಕಟಿಸಿದ ಭಾರತ ತಂಪು ಕ್ರಿಯಾಯೋಜನೆಯ ಪ್ರಕಾರ, ಆಗ ಏರ್ ಕಂಡೀಷನರ್ ಇದ್ದ ಮನೆಗಳು ದೇಶದಲ್ಲಿ ಶೇಕಡ 8ರಷ್ಟು ಮಾತ್ರ. ಅನಂತರ ಮಾರಾಟ ಭರದಿಂದ ಏರಿದೆ. 2024ರ ಮೇ 30ರಂದು ದೇಶದ ವಿದ್ಯುತ್ ಬೇಡಿಕೆ 250 ಗಿಗಾವ್ಯಾಟ್ ಮುಟ್ಟಿ ಅಲ್ಲಿಯವರೆಗಿನ ದಾಖಲೆಯಾದುದಕ್ಕೆ ಬೇಸಿಗೆಯ ತಂಪಿನ ಯಂತ್ರಗಳೂ ಕಾರಣ. ಯಂತ್ರವು ಕೋಣೆಯ ಬಿಸಿಯನ್ನು ನಾಶ ಮಾಡುವುದಿಲ್ಲ. ಹೊರಗೆ, ನೆರೆಯವನ ಕಿಟಕಿಯತ್ತ ಎಸೆಯುತ್ತದೆ. ಕಾದ ಚಪ್ಪಡಿಯ ಕೆಳಗಿನ ಯಂತ್ರ ರಾತ್ರಿಯಿಡೀ ಚಪ್ಪಡಿಯೊಡನೆ ಸೆಣಸುತ್ತಾ ಹೆಚ್ಚು ವಿದ್ಯುತ್ ನುಂಗುತ್ತದೆ. ವಿದ್ಯುತ್ ಹೋದ ಐದೇ ನಿಮಿಷದಲ್ಲಿ ಸೆಕೆ ಮತ್ತೆ ಹಾಜರು.

ಇದರರ್ಥ ಏರ್ ಕಂಡೀಷನರ್ ಬೇಡವೆಂದಲ್ಲ. ವೃದ್ಧರಿಗೆ, ರೋಗಿಗಳಿಗೆ, ಹಸುಗೂಸುಗಳಿಗೆ ಅದು ಜೀವರಕ್ಷಕವಾಗಬಲ್ಲುದು. 2020ರ ಜನವರಿಯಿಂದ ಹೊಸ ಯಂತ್ರಗಳು 24 ಡಿಗ್ರಿಯಲ್ಲೇ ಚಾಲೂ ಆಗಬೇಕೆಂಬ ನಿಯಮ ಬಂದಿದೆ. ಆ ಮಟ್ಟದಲ್ಲಿಟ್ಟು ಜೊತೆಗೆ ಫ್ಯಾನು ಹಾಕಿಕೊಂಡರೆ ಬಿಲ್ಲೂ ಹಗುರ. ಆದರೆ ಮೊದಲು ಮಾಡನ್ನು ಸರಿಪಡಿಸಿ, ಬಳಿಕ ಯಂತ್ರವನ್ನು ಬಳಸುವುದು ವಿವೇಕದ ಕ್ರಮ.

ತಾರಸಿಗೆ ಮಾಡಬೇಕಾದ ಉಪಚಾರ

ಉಪಾಯಗಳಲ್ಲಿ ಅತ್ಯಂತ ಸುಲಭವಾದದ್ದು ತಾರಸಿಯನ್ನು ಬೆಳ್ಳಗಾಗಿಸುವುದು. ಕಪ್ಪುಗಟ್ಟಿದ ಸಿಮೆಂಟು ಬಿಸಿಲಿನ ಬಹುಭಾಗವನ್ನು ಹೀರಿಕೊಳ್ಳುತ್ತದೆ; ಬಿಳಿಯ ಮೇಲ್ಮೈ ಬಹುಭಾಗವನ್ನು ಮರಳಿ ಆಕಾಶಕ್ಕೆ ಕಳುಹಿಸುತ್ತದೆ. ಅಹಮದಾಬಾದಿನ ಯೋಜನೆಯ ಅನುಭವದಂತೆ ಇದರಿಂದ ಒಳಗಿನ ಉಷ್ಣಾಂಶ ಎರಡರಿಂದ ಐದು ಡಿಗ್ರಿಯವರೆಗೆ ಇಳಿಯಬಲ್ಲುದು. ಸುಣ್ಣ ಅಗ್ಗವಾದದ್ದು, ಆದರೆ ಮಳೆಗೆ ತೊಳೆದುಹೋಗುವುದರಿಂದ ವರ್ಷವರ್ಷವೂ ಬಳಿಯಬೇಕು. ಬಿಸಿಲು ಪ್ರತಿಫಲಿಸುವ ವಿಶೇಷ ಬಣ್ಣಗಳು ಕೆಲವು ವರ್ಷ ಬಾಳುತ್ತವೆ. ಧೂಳು ಕುಳಿತಂತೆ ಅವುಗಳ ಗುಣ ಕುಂದುವುದರಿಂದ ಬೇಸಿಗೆಯ ಆರಂಭದಲ್ಲಿ ತೊಳೆಯಬೇಕು. ಒಡೆದ ಬಿಳಿ ಟೈಲುಗಳನ್ನು ಕೂರಿಸುವ ಚೈನಾ ಮೊಸಾಯಿಕ್‌ಗೆ ಆರಂಭದ ಖರ್ಚು ಹೆಚ್ಚು, ಬಾಳಿಕೆ ದೀರ್ಘ.

ಮುಂಬಯಿ, ಪುಣೆಗಳಲ್ಲಿ ಸೋರಿಕೆ ತಡೆಯಲು ಹಾಕುವ ಬ್ರಿಕ್‌ಬ್ಯಾಟ್ ಕೋಬಾ ಇಟ್ಟಿಗೆಚೂರಿನ ಪದರವಾದುದರಿಂದ ಬಿಸಿಗೂ ಒಂದಿಷ್ಟು ತಡೆಯೊಡ್ಡುತ್ತದೆ. ಆದರೆ ಹಳೆಯ ಕೋಬಾದ ಮೇಲೆ ಹೊಸದನ್ನು ಹೇರುತ್ತಾ ಹೋದರೆ ಕಟ್ಟಡಕ್ಕೆ ಭಾರವಾಗುತ್ತದೆ. ಎಂಜಿನಿಯರರ ಸಲಹೆಯಿಲ್ಲದೆ ಇದಕ್ಕೆ ಕೈಹಾಕಬಾರದು. ತಾರಸಿಗೆ ನೆರಳು ಮಾಡುವುದು ಇನ್ನೊಂದು ದಾರಿ. ಸೌರವಿದ್ಯುತ್ ಫಲಕಗಳನ್ನು ಎತ್ತರದ ಚೌಕಟ್ಟಿನ ಮೇಲೆ ಕೂರಿಸಿದರೆ ವಿದ್ಯುತ್ತೂ ಸಿಗುತ್ತದೆ, ಚಪ್ಪಡಿಗೆ ನೆರಳೂ ಆಗುತ್ತದೆ. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಡಿ ಲಿಫ್ಟು, ನೀರಿನ ಪಂಪುಗಳಂತಹ ಸಾಮಾನ್ಯ ಬಳಕೆಗಾಗಿ ಹೌಸಿಂಗ್ ಸೊಸೈಟಿಗಳಿಗೆ ಪ್ರತಿ ಕಿಲೋವ್ಯಾಟ್‌ಗೆ 18,000 ರೂಪಾಯಿ ಸಹಾಯಧನ ನಿಗದಿಯಾಗಿದೆ. ಮುಂಬಯಿಯ ಅನೇಕ ಕಟ್ಟಡಗಳು ಮಳೆಗಾಗಿ ತಗಡಿನ ಚಪ್ಪರ ಹಾಕಿಸುತ್ತವೆ. ಪಾಲಿಕೆಯ ಅನುಮತಿ ಪಡೆದು, ನಾಲ್ಕೂ ಕಡೆ ಗಾಳಿಗೆ ತೆರೆದಿಟ್ಟರೆ ಅದು ಬೇಸಿಗೆಗೂ ಉಪಕಾರಿ.

ಒಂದೂರಿನ ಮದ್ದು ಇನ್ನೊಂದೂರಿಗೆ ಹೊಂದದು ಎಂಬುದನ್ನೂ ನೆನಪಿಡಬೇಕು. ದೆಹಲಿ, ಹೈದರಾಬಾದುಗಳ ಒಣ ಹವೆಯಲ್ಲಿ ಲಾವಂಚದ ಚಾಪೆ, ಒದ್ದೆ ಗೋಣಿತಾಟು, ಕೂಲರುಗಳು ಚೆನ್ನಾಗಿ ಕೆಲಸ ಮಾಡುತ್ತವೆ. ಮುಂಬಯಿ, ಚೆನ್ನೈಗಳಲ್ಲಿ ಗಾಳಿ ಮೊದಲೇ ತೇವಭರಿತ. ಅಲ್ಲಿ ಒದ್ದೆ ಬಟ್ಟೆ ತೂಗುಹಾಕಿದರೆ ಉಸಿರುಕಟ್ಟುವುದೇ ಹೆಚ್ಚು. ಆ ನಗರಗಳಲ್ಲಿ ಗಾಳಿಯ ಓಡಾಟವೇ ಪ್ರಾಣ. ಎಲ್ಲ ಊರುಗಳಿಗೂ ಸಲ್ಲುವ ಕ್ರಮವೆಂದರೆ, ಹೊರಗಿನ ಗಾಳಿ ಒಳಗಿಗಿಂತ ಬಿಸಿಯಾಗಿರುವಾಗ ಬಿಸಿಲು ಬೀಳುವ ಕಿಟಕಿಗಳನ್ನು ಮುಚ್ಚಿಡುವುದು, ಸಂಜೆ ಹೊರಗೆ ತಂಪಾದೊಡನೆ ಎದುರುಬದುರಿನ ಕಿಟಕಿಗಳನ್ನು ತೆರೆದು ಮೇಲೆ ನಿಂತ ಬಿಸಿಗಾಳಿಯನ್ನು ಎಕ್ಸಾಸ್ಟ್ ಫ್ಯಾನಿನಿಂದ ಹೊರದೂಡುವುದು. ಸೊಳ್ಳೆಗಳ ಭಯಕ್ಕೆ ಕಿಟಕಿ ಮುಚ್ಚುವವರು ಜಾಲರಿ ಹಾಕಿಸಿದರೆ ಅದೇ ದೊಡ್ಡ ತಂಪು. ಪರದೆಯನ್ನು ಕಿಟಕಿಯ ಒಳಗೆ ಹಾಕುವುದಕ್ಕಿಂತ ಹೊರಗೆ ಚಾಪೆ ಇಳಿಬಿಡುವುದು ಹೆಚ್ಚು ಫಲಕಾರಿ. ಗಾಜು ದಾಟಿದ ಬಿಸಿಲು ಒಳಗೇ ಉಳಿಯುತ್ತದೆ.

ಕಾನೂನು ಮತ್ತು ಸೊಸೈಟಿಗಳ ಹೊಣೆ

2018ರಲ್ಲಿ ಪ್ರಕಟವಾದ ಇಕೋ ನಿವಾಸ ಸಂಹಿತೆ ಎಂಬ ವಸತಿ ಕಟ್ಟಡಗಳ ನಿಯಮಾವಳಿ, ಛಾವಣಿಯ ಮೂಲಕ ಬಿಸಿ ದಾಟುವ ಪ್ರಮಾಣಕ್ಕೆ ಮಿತಿಯೊಂದನ್ನು ಹೇಳಿದೆ. ಯಾವ ಉಪಚಾರವೂ ಇಲ್ಲದ ಬರಿಯ ಕಾಂಕ್ರೀಟ್ ಚಪ್ಪಡಿ ಆ ಮಿತಿಯ ಸುಮಾರು ಮೂರು ಪಟ್ಟು ಬಿಸಿಯನ್ನು ಒಳಬಿಡುತ್ತದೆ. ಆದರೆ ಈ ಸಂಹಿತೆ ಅನ್ವಯಿಸುವುದು 500 ಚದರ ಮೀಟರು ಅಥವಾ ಹೆಚ್ಚಿನ ನಿವೇಶನದ ಹೊಸ ಕಟ್ಟಡಗಳಿಗೆ, ಅದೂ ರಾಜ್ಯಗಳು ಅಂಗೀಕರಿಸಿದಲ್ಲಿ ಮಾತ್ರ. ತೆಲಂಗಾಣ ಇನ್ನೊಂದು ಹೆಜ್ಜೆ ಮುಂದಿಟ್ಟು 2023ರ ಏಪ್ರಿಲ್‌ನಲ್ಲಿ ತಂಪು ಛಾವಣಿ ನೀತಿಯನ್ನೇ ಪ್ರಕಟಿಸಿತು. 2028ರ ವೇಳೆಗೆ 300 ಚದರ ಕಿಲೋಮೀಟರು ಛಾವಣಿಯನ್ನು ತಂಪಾಗಿಸುವುದು, ಅದರಲ್ಲಿ 200 ಹೈದರಾಬಾದಿನಲ್ಲೇ ಆಗಬೇಕೆಂಬುದು ಅದರ ಗುರಿ. ಗುರಿ ಎಷ್ಟು ದೊಡ್ಡದಾದರೂ, ಈಗಾಗಲೇ ಕಟ್ಟಿ ಮುಗಿದ ಲಕ್ಷಾಂತರ ಕಟ್ಟಡಗಳ ತಾರಸಿಯ ಬೀಗದ ಕೈ ಇರುವುದು ಸರಕಾರದ ಬಳಿಯಲ್ಲ, ಸೊಸೈಟಿಗಳ ಕಾರ್ಯದರ್ಶಿಗಳ ಬಳಿ.

ಮಹಾರಾಷ್ಟ್ರದ ಸಹಕಾರಿ ಹೌಸಿಂಗ್ ಸೊಸೈಟಿಗಳ ಮಾದರಿ ಉಪವಿಧಿಗಳನ್ನೇ ನೋಡಿ. ತಾರಸಿಯ ಸೋರಿಕೆಯ ದುರಸ್ತಿ ಸೊಸೈಟಿಯ ಖರ್ಚಿನಲ್ಲಿ ಆಗಬೇಕು. ಆ ಸೋರಿಕೆಯಿಂದ ಕೊನೆಯ ಮಹಡಿಯ ಮನೆಯ ಒಳಮಾಡಿಗೆ, ಗಾರೆಗೆ ಹಾನಿಯಾದರೆ ಅದನ್ನೂ ಸೊಸೈಟಿಯೇ ಸರಿಪಡಿಸಬೇಕು. ತಾರಸಿ ಎಲ್ಲರ ಸ್ವತ್ತು, ಅದು ತರುವ ಹಾನಿಯೂ ಎಲ್ಲರ ಹೊಣೆ ಎಂಬ ತತ್ತ್ವ ಇಲ್ಲಿ ಸ್ಪಷ್ಟ. ಸೆಕೆಯ ಹೆಸರು ಮಾತ್ರ ಆ ಪಟ್ಟಿಯಲ್ಲಿಲ್ಲ.

ಕೆಳಗಿನ ಮಹಡಿಯವರು ಆಕ್ಷೇಪಿಸಬಹುದು: ನಮಗೆ ತಂಪಾಗದ ಕೆಲಸಕ್ಕೆ ನಾವೇಕೆ ಹಣ ಕೊಡಬೇಕು? ಪ್ರಶ್ನೆ ಸಹಜವೇ. ಬಿಳಿ ಬಣ್ಣದ ನೇರ ಲಾಭ ಕೊನೆಯ ಮಹಡಿಗೆ ಹೆಚ್ಚೆಂಬುದೂ ನಿಜ. ಆದರೆ ಅದೇ ಉಪವಿಧಿಗಳಂತೆ ಲಿಫ್ಟಿನ ಖರ್ಚನ್ನು ಕಟ್ಟಡದ ಎಲ್ಲ ಸದಸ್ಯರೂ, ಬಳಸಲಿ ಬಿಡಲಿ, ಸಮನಾಗಿ ಹಂಚಿಕೊಳ್ಳುತ್ತಾರೆ. ನೆಲಮಹಡಿಯವನೂ ಲಿಫ್ಟಿಗೆ ಹಣ ಕೊಡುತ್ತಾನೆ. ಕಟ್ಟಡವೊಂದು ಒಟ್ಟು ಬಾಳುವ ಜಾಗ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಮೇಲಿನ ಮನೆಯವರ ಛಾವಣಿಯೇ ಕೆಳಗಿನ ಎಲ್ಲರನ್ನೂ ಬಿಸಿಲಿನಿಂದ ಕಾಯುತ್ತಿದೆ ಎಂಬುದೂ ಅಷ್ಟೇ ನಿಜ. ಜೊತೆಗೆ, ದಿನದಿನದ ಕಾಯುವಿಕೆ, ಆರುವಿಕೆಗಳಿಂದ ಚಪ್ಪಡಿ ಬಿರುಕು ಬಿಡುತ್ತದೆ. ತಾರಸಿ ತಂಪಾಗಿದ್ದರೆ ಸೋರಿಕೆ ತಡೆಯುವ ಪದರವೂ ಹೆಚ್ಚು ಕಾಲ ಬಾಳುತ್ತದೆ. ಅದು ಎಲ್ಲರ ಉಳಿತಾಯ.

ತೊಡಕಿರುವುದು ವೇಳಾಪಟ್ಟಿಯಲ್ಲಿ. ಸೊಸೈಟಿಗಳ ವಾರ್ಷಿಕ ಮಹಾಸಭೆ ಸೆಪ್ಟೆಂಬರ್ 30ರೊಳಗೆ ನಡೆಯಬೇಕು. ಅದು ಮಳೆಗಾಲದ ಕೊನೆ. ಸೋರಿದ ಗೋಡೆ ಕಣ್ಣೆದುರಿಗಿರುತ್ತದೆ, ಮೇ ತಿಂಗಳ ರಾತ್ರಿಗಳು ಮರೆತುಹೋಗಿರುತ್ತವೆ. ಮಾರ್ಚಿಯಲ್ಲಿ ಸೆಕೆ ಶುರುವಾದಾಗ ಮುಂದಿನ ಸಭೆಗೆ ಆರು ತಿಂಗಳು ಕಾಯಬೇಕು. ಆದ್ದರಿಂದ ತಾರಸಿಯ ಸೆಕೆಯನ್ನು ಸೆಪ್ಟೆಂಬರ್ ಸಭೆಯ ಕಾರ್ಯಸೂಚಿಯಲ್ಲಿ ಸೋರಿಕೆಯ ಪಕ್ಕದಲ್ಲೇ ಬರೆಸಬೇಕು. ಮಳೆಗೆ ಮುನ್ನ ಹೇಗೂ ತಾರಸಿಗೆ ಉಪಚಾರ ಮಾಡಿಸುವವರು ಅದನ್ನು ಬೇಸಿಗೆಗೂ ಮುನ್ನ, ಫೆಬ್ರವರಿಯಲ್ಲೇ ಮಾಡಿಸಿ, ಕೊನೆಯ ಪದರ ಬಿಳಿಯದಾಗಿರಬೇಕೆಂದು ಗುತ್ತಿಗೆಯ ಪತ್ರದಲ್ಲಿ ನಮೂದಿಸಿದರೆ ಒಂದೇ ಕೂಲಿಯಲ್ಲಿ ಎರಡು ಕೆಲಸ ಮುಗಿಯುತ್ತದೆ. ತಡೆಯಲಾಗದಷ್ಟು ತುರ್ತಿದ್ದರೆ ಐದನೆಯ ಒಂದು ಭಾಗದಷ್ಟು ಸದಸ್ಯರು ಸಹಿ ಹಾಕಿ ವಿಶೇಷ ಮಹಾಸಭೆ ಕರೆಯಿಸಲು ಅವಕಾಶವಿದೆ.

ಹೊರನಾಡ ಕನ್ನಡಿಗರಲ್ಲಿ ಅನೇಕರು ತಮ್ಮ ತಮ್ಮ ಸೊಸೈಟಿಗಳ ಪದಾಧಿಕಾರಿಗಳಾಗಿದ್ದಾರೆ. ಹೊಟೇಲು ನಡೆಸುವವರು ನೌಕರರ ವಸತಿಗೆ ಹೊಣೆಗಾರರಾಗಿದ್ದಾರೆ. ನಮ್ಮ ಸಂಘಗಳಲ್ಲಿ ಹಲವಕ್ಕೆ ಸ್ವಂತ ಭವನಗಳೂ ಅವುಗಳಿಗೆ ತಾರಸಿಗಳೂ ಇವೆ. ಮೊದಲ ಡಬ್ಬಿ ಸುಣ್ಣ ಅಲ್ಲಿಂದಲೇ ಆರಂಭವಾಗಲಿ. ಭವನದ ಮೇಲಿನ ಕೋಣೆಯಲ್ಲಿ ಬಳಿಯುವ ಮುನ್ನ ಒಂದು ವಾರ, ಬಳಿದ ಬಳಿಕ ಒಂದು ವಾರ ರಾತ್ರಿ ಹತ್ತು ಗಂಟೆಗೆ ಉಷ್ಣಾಂಶ ಬರೆದಿಟ್ಟು ಸದಸ್ಯರ ಮುಂದಿಟ್ಟರೆ ಸಾಕು, ಸೊಸೈಟಿಯ ಸಭೆಯಲ್ಲಿ ಬೇರೆ ವಾದ ಬೇಕಾಗದು. ಮೇಲಿನ ಮಹಡಿಯ ಬಾಗಿಲು ತಟ್ಟಿ, ರಾತ್ರಿ ನಿದ್ದೆ ಬರುತ್ತದೆಯೇ ಎಂದು ಕೇಳುವುದಕ್ಕೆ ಮಾತ್ರ ಯಾವ ಠರಾವಿನ ಅಗತ್ಯವೂ ಇಲ್ಲ.